ಹಬ್ಬೋ, ಫ್ಲೇಂಜೋ? ಹಳೇ ಜೀಪಿನ ಮುಂದಿನ ಗಾಲಿಯ ವಿಜ್ಞಾನ

ಇವತ್ತಿನ ಸಂಚಿಕೆ ಹಬ್ ಬಗ್ಗೆ. ಹಬ್ಬ ಅಲ್ಲ, ಹಬ್! ಗಾಲಿಯ ನಟ್ಟನಡುವೆ ಇರುತ್ತಲ್ಲ, ಆ ಹಬ್.

ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವಿರಲಿ, ಡೆಟ್ರಾಯಿಟ್ ಸುತ್ತಿನ ಪಂಪ ಕನ್ನಡ ಕೂಟವಿರಲಿ, ಅಲ್ಲಿಯ ಕನ್ನಡಿಗರಲ್ಲಿ ಗಾಡಿಗಳ ಹುಚ್ಚಿರುವವರಿಗೆ ಕೊರತೆಯಿಲ್ಲ. ಎಷ್ಟೋ ಜನಕ್ಕೆ ಕಾರು ತಯಾರಿಕೆಯೇ ಅನ್ನ ಕೊಡುವ ಕೆಲಸ. ಅಂಥವರಲ್ಲಿ ಯಾರಾದರೂ ಒಂದು ಹಳೇ ವಿಲ್ಲೀಸ್ ಜೀಪನ್ನೋ, ಸ್ಕೌಟನ್ನೋ, ಮೊದಲ ತಲೆಮಾರಿನ ಬ್ರಾಂಕೋವನ್ನೋ ಕೊಂಡು ಗ್ಯಾರೇಜಿಗೆ ತಂದರು ಅಂದರೆ, ಕೆಲವೇ ದಿನಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತೆ. ಮುಂದಿನ ಗಾಲಿಗೆ ಲಾಕಿಂಗ್ ಹಬ್ ಹಾಕಿಸಬೇಕೋ, ಡ್ರೈವ್ ಫ್ಲೇಂಜ್ ಹಾಕಿಸಬೇಕೋ?

ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಜನವರಿಯ ರಾತ್ರಿ, ಹೊರಗೆ ಮೈನಸ್ 20 ಡಿಗ್ರಿ, ಹಿಂದಿನ ಸೀಟಲ್ಲಿ ಮಕ್ಕಳು, ಗಾಲಿಯ ಕೆಳಗೆ ಒಂದಡಿ ಹಿಮ ಇದ್ದಾಗ, ಗಾಡಿ ಮನೆ ಸೇರುತ್ತೋ ಇಲ್ಲವೋ ಅನ್ನೋದನ್ನ ಈ ಅಂಗೈಯಗಲದ ಲೋಹದ ಬಿಲ್ಲೆಯೇ ತೀರ್ಮಾನಿಸಬಹುದು. ಹಾಗಾಗಿ ಇದರ ಒಳಗೆ ಏನಿದೆ ಅಂತ ಇವತ್ತು ಬಿಚ್ಚಿ ನೋಡೋಣ.

ಎತ್ತಿನ ಗಾಡಿಯ ಗಾಲಿ, ರೈಲಿನ ಗಾಲಿ

ಎತ್ತಿನ ಗಾಡಿಯನ್ನ ನೆನಪಿಸಿಕೊಳ್ಳಿ. ಅದರಲ್ಲಿ ಅಚ್ಚು ತಿರುಗೋದಿಲ್ಲ. ಅಚ್ಚಿನ ಮೇಲೆ ಗಾಲಿ ಮಾತ್ರ ತಿರುಗುತ್ತೆ. ಅದು ಕಳಚಿ ಬೀಳದ ಹಾಗೆ ಕಡಾಣಿ ಹಿಡಿದಿರುತ್ತೆ. ರೈಲಿನಲ್ಲಿ ಹಾಗಲ್ಲ. ಗಾಲಿ, ಅಚ್ಚು ಎರಡೂ ಒಂದಕ್ಕೊಂದು ಬಿಗಿಯಾಗಿದ್ದು ಒಟ್ಟಿಗೇ ತಿರುಗುತ್ತವೆ.

ಹಳೇ ಫೋರ್‌ವೀಲ್ ಗಾಡಿಯ ಮುಂದಿನ ಗಾಲಿ ಈ ಎರಡರ ನಡುವಿನದು. ಗಾಡಿಯ ಭಾರ ಹೊರೋದು ಗಾಲಿಯ ಬೇರಿಂಗುಗಳು. ಒಳಗಿಂದ ಬರುವ ಆಕ್ಸಲ್ ಶಾಫ್ಟು ಭಾರ ಹೊರುವುದಿಲ್ಲ, ಅದರ ಕೆಲಸ ತಿರುಚುವ ಬಲವನ್ನು ತರೋದು ಅಷ್ಟೇ. ಆ ಶಾಫ್ಟಿನ ತುದಿ ಗಾಲಿಯ ನಡುವೆ ಬಂದು ನಿಲ್ಲುತ್ತೆ. ಈಗ ಶಾಫ್ಟಿಗೂ ಗಾಲಿಗೂ ಗಂಟು ಹಾಕಬೇಕಲ್ಲ? ಆ ಗಂಟೇ ನಮ್ಮ ಇವತ್ತಿನ ವಿಷಯ.

ಡ್ರೈವ್ ಫ್ಲೇಂಜ್ ಅಂದರೆ ಬಿಚ್ಚದ ಗಂಟು. ಒಂದು ಗಟ್ಟಿ ಉಕ್ಕಿನ ಬಿಲ್ಲೆ. ಒಳಗೆ ಶಾಫ್ಟಿನ ಹಲ್ಲುಗಳಿಗೆ ಕೂರುವ ಹಲ್ಲುಗಳು, ಹೊರಗೆ ಗಾಲಿಗೆ ಬಿಗಿಯುವ ಬೋಲ್ಟುಗಳು. ಯುದ್ಧಕಾಲದ ಜೀಪಿನಲ್ಲಿ ಇಂಥವು 6 ಬೋಲ್ಟು. ಗಾಲಿ ತಿರುಗಿದರೆ ಶಾಫ್ಟೂ ತಿರುಗಲೇಬೇಕು.

ಲಾಕಿಂಗ್ ಹಬ್ ಅಂದರೆ ಬಿಚ್ಚಿ ಕಟ್ಟಬಹುದಾದ ಗಂಟು. ಅದರ ಒಳಗೆ ಒಂದು ಹಲ್ಲಿನ ಉಂಗುರ ಹಿಂದೆ ಮುಂದೆ ಜಾರುತ್ತೆ. ಹೊರಗಿನ ತಿರುಪನ್ನು ಕೈಯಲ್ಲಿ ಲಾಕ್ ಕಡೆ ತಿರುಗಿಸಿದರೆ, ಉಂಗುರ ಜಾರಿ ಶಾಫ್ಟನ್ನೂ ಗಾಲಿಯನ್ನೂ ಕಚ್ಚಿ ಹಿಡಿಯುತ್ತೆ. ಫ್ರೀ ಕಡೆ ತಿರುಗಿಸಿದರೆ ಬಿಡುತ್ತೆ, ಗಾಲಿ ಎತ್ತಿನ ಗಾಡಿಯ ಗಾಲಿಯ ಹಾಗೆ ಸುಮ್ಮನೆ ಸುತ್ತುತ್ತೆ.

ಈ ಊರುಗಳ ಮಕ್ಕಳು

ಈ ಗಾಡಿಗಳ ಕಥೆ ಬಹಳ ಮಟ್ಟಿಗೆ ಷಿಕಾಗೋ ಮತ್ತು ಡೆಟ್ರಾಯಿಟ್ ಆಸುಪಾಸಿನದೇ. ಎರಡನೇ ಮಹಾಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಬಹುಪಾಲು ಮಾಡಿದ್ದು ಇಬ್ಬರು: ಡೆಟ್ರಾಯಿಟ್‌ನಿಂದ ದಕ್ಷಿಣಕ್ಕೆ 100 ಕಿಲೋಮೀಟರಿನೊಳಗೇ ಇರುವ ಟೊಲೀಡೋ ಊರಿನ ವಿಲ್ಲೀಸ್-ಓವರ್‌ಲ್ಯಾಂಡ್, ಮತ್ತೆ ಡಿಯರ್‌ಬಾರ್ನ್‌ನ ಫೋರ್ಡ್. ಡಾಡ್ಜ್ ಪವರ್ ವ್ಯಾಗನ್ 1946ರಲ್ಲಿ ಬಂತು, ಡೆಟ್ರಾಯಿಟ್‌ಗೆ ಅಂಟಿಕೊಂಡ ವಾರನ್‌ನಲ್ಲಿ. 1966ರ ಮಾದರಿಯಾಗಿ ಹೊರಬಂದ ಫೋರ್ಡ್ ಬ್ರಾಂಕೋ ಹುಟ್ಟಿದ್ದು ಮಿಷಿಗನ್‌ನ ವೇನ್‌ನಲ್ಲಿ. 1961ರ ಮಾದರಿಯಾಗಿ ಬಂದ ಸ್ಕೌಟನ್ನು ಕಟ್ಟುತ್ತಿದ್ದದ್ದು ಇಂಡಿಯಾನಾದ ಫೋರ್ಟ್ ವೇನ್‌ನಲ್ಲಾದರೂ, ಕಂಪನಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಕೇಂದ್ರ ಕಚೇರಿ ಷಿಕಾಗೋದಲ್ಲಿತ್ತು.

ಯುದ್ಧದ ಜೀಪಿಗೆ ಫ್ಲೇಂಜೇ ಇತ್ತು, ಹಬ್ ಇರಲಿಲ್ಲ. ಸರಿಯೇ ಅಲ್ವಾ? ಗುಂಡು ಹಾರುವ ಕಡೆ ಚಾಲಕ ಇಳಿದು, ಎರಡೂ ಗಾಲಿಯ ಬಳಿ ಬಗ್ಗಿ ತಿರುಪು ತಿರುಗಿಸೋಕೆ ಆಗುತ್ತಾ? ಕೂತ ಕಡೆಯೇ ಲಿವರ್ ಎಳೆದರೆ ನಾಲ್ಕೂ ಗಾಲಿ ಎಳೆಯಬೇಕು, ಅಷ್ಟೇ.

ಯುದ್ಧ ಮುಗಿದ ಮೇಲೆ ಕೆಲಸ ಬದಲಾಯಿತು. ಮಿಲಿಟರಿ ಮಾರಿದ ಜೀಪುಗಳು ಊರಿನ ಟಾರು ರಸ್ತೆಗೆ ಇಳಿದವು. ಅಲ್ಲಿ ಮುಂದಿನ ಆಕ್ಸಲ್ ಸುಮ್ಮನೆ ತಿರುಗುತ್ತಾ ಇರೋದು ದಂಡ ಅನ್ನಿಸಿತು. 1948ರಲ್ಲಿ ಸಿಯಾಟಲ್ ಬಳಿ ಆರ್ಥರ್ ವಾರ್ನ್ ಎಂಬುವರು ಇಂಥ ಜೀಪುಗಳಿಗೆಂದೇ ಲಾಕಿಂಗ್ ಹಬ್ ಮಾಡಿ ಮಾರಲು ಶುರುಮಾಡಿದರು. ಇವತ್ತು ವಿಂಚ್‌ಗಳಿಂದ ಹೆಸರಾಗಿರುವ ವಾರ್ನ್ ಕಂಪನಿ ಶುರುವಾಗಿದ್ದೇ ಹೀಗೆ.

ಪೆಟ್ರೋಲ್ ಎಷ್ಟು ಉಳಿಯುತ್ತೆ?

ಹಬ್ ಹಾಕಿಸಿ ಅನ್ನುವವರು ಮೊದಲು ಹೇಳೋದು ಇಂಧನದ ಮಾತು. ಇದನ್ನ ಲೆಕ್ಕಕ್ಕೆ ಹಚ್ಚೋಣ.

ಯುದ್ಧದ ಜೀಪಿನ ಟೈರಿನ ಸುತ್ತಳತೆ ಹತ್ತಿರ ಹತ್ತಿರ 2.27 ಮೀಟರ್. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ಗಾಲಿ ಸೆಕೆಂಡಿಗೆ 9 ಸುತ್ತಿಗೆ ತುಸು ಕಡಿಮೆ ಸುತ್ತುತ್ತೆ. ಡಿಫರೆನ್ಷಿಯಲ್‌ನ ಅನುಪಾತ 4.88. ಹಾಗಾಗಿ ಫ್ಲೇಂಜ್ ಇದ್ದರೆ, ಟೂವೀಲ್‌ನಲ್ಲಿ ಹೋಗುವಾಗಲೂ ಮುಂದಿನ ಪ್ರೊಪೆಲ್ಲರ್ ಶಾಫ್ಟು ನಿಮಿಷಕ್ಕೆ ಸುಮಾರು 2,600 ಸುತ್ತು ಹಾಕುತ್ತಿರುತ್ತೆ. ಎಳೆಯೋ ಕೆಲಸ ಮಾತ್ರ ಸೊನ್ನೆ.

ಒಂದೇ ವೇಗದಲ್ಲಿ ಸುತ್ತೋದಕ್ಕೆ ಅಂತಲೇ ಶಕ್ತಿ ಖರ್ಚಾಗಲ್ಲ. ಖರ್ಚಾಗೋದು ಡಿಫರೆನ್ಷಿಯಲ್‌ನ ದಪ್ಪ ಎಣ್ಣೆಯನ್ನು ಕಡೆಯೋದಕ್ಕೆ, ಸೀಲು ಮತ್ತು ಬೇರಿಂಗುಗಳ ಉಜ್ಜಾಟಕ್ಕೆ. ಮಜ್ಜಿಗೆ ಕಡೆಯೋಕೆ ಒಂದು ಬಲ, ಜೇನುತುಪ್ಪ ಕಡೆಯೋಕೆ ಇನ್ನೊಂದು ಬಲ. ಚಳಿಗಾಲದ ಬೆಳಗ್ಗೆ ಗೇರ್ ಆಯಿಲ್ ಜೇನುತುಪ್ಪವೇ.

ಇದನ್ನ ನೀವೇ ಅಳೆಯಬಹುದು. ಖಾಲಿಯಾದ, ಮಟ್ಟಸವಾದ ರಸ್ತೆ ಬೇಕು, ಪಕ್ಕದಲ್ಲಿ ಸಮಯ ನೋಡೋಕೆ ಒಬ್ಬರು ಬೇಕು. ಲಿವರ್ ಟೂವೀಲ್‌ನಲ್ಲೇ ಇರಲಿ. 60ರ ವೇಗ ದಾಟಿಸಿ ನ್ಯೂಟ್ರಲ್‌ಗೆ ಹಾಕಿ. 60ರಿಂದ 40ಕ್ಕೆ ಇಳಿಯೋಕೆ ಎಷ್ಟು ಸೆಕೆಂಡು ಅಂತ ಬರೆದುಕೊಳ್ಳಿ. ಹಬ್ ಫ್ರೀ ಇಟ್ಟು ಮಾಡಿ, ಲಾಕ್ ಮಾಡಿ ಮಾಡಿ. ಗಾಳಿ, ಇಳಿಜಾರಿನ ಮೋಸ ತಪ್ಪಿಸೋಕೆ ಎರಡೂ ದಿಕ್ಕಿಗೆ ಮಾಡಿ ಸರಾಸರಿ ತೆಗೆಯಿರಿ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚಾಲಕ ಸೇರಿ ಗಾಡಿ 1,200 ಕಿಲೋ. ಫ್ರೀ ಇದ್ದಾಗ 16 ಸೆಕೆಂಡು, ಲಾಕ್ ಆದಾಗ 15 ಸೆಕೆಂಡು ಬಂತು ಅನ್ನೋಣ. ನ್ಯೂಟನ್ನನ ಎರಡನೇ ನಿಯಮ ಹಾಕಿದರೆ ತಡೆಯುವ ಬಲ 417 ನ್ಯೂಟನ್‌ನಿಂದ 444ಕ್ಕೆ ಏರಿದೆ. ವ್ಯತ್ಯಾಸ ಸುಮಾರು 28 ನ್ಯೂಟನ್. 50ರ ವೇಗದಲ್ಲಿ ಇದು ಹೆಚ್ಚುಕಡಿಮೆ ಅರ್ಧ ಅಶ್ವಶಕ್ತಿ, ಅಂದ್ರೆ ಗಾಡಿಯನ್ನು ಓಡಿಸೋಕೆ ಬೇಕಾದ ಶಕ್ತಿಯ 6-7 ಭಾಗ, ನೂರಕ್ಕೆ.

ಈ 6 ಭಾಗವೂ ಪೂರ್ತಿ ಪೆಟ್ರೋಲಿನಲ್ಲೇ ಉಳಿಯುತ್ತೆ ಅಂತ ಇಟ್ಟುಕೊಂಡರೂ, 100 ಕಿಲೋಮೀಟರಿಗೆ 15 ಲೀಟರ್ ಕುಡಿಯುವ, ವರ್ಷಕ್ಕೆ 1,500 ಕಿಲೋಮೀಟರ್ ಓಡುವ ಹವ್ಯಾಸದ ಗಾಡಿಯಲ್ಲಿ ಉಳಿತಾಯ ವರ್ಷಕ್ಕೆ 13-14 ಲೀಟರ್. ಹಬ್ಬಿಗೆ ಕೊಟ್ಟ ದುಡ್ಡು ವಾಪಸ್ ಬರೋಕೆ ಎಷ್ಟು ವರ್ಷ ಬೇಕು ಅಂತ ನೀವೇ ಲೆಕ್ಕ ಹಾಕಿ. ದಿನಾ ದೂರ ಓಡಿಸುವವರಿಗೆ ಇದು ದೊಡ್ಡ ಮಾತು. ಭಾನುವಾರದ ಗಾಡಿಗೆ, ಪೆಟ್ರೋಲು ಹಬ್ ಹಾಕಿಸೋಕೆ ಕಾರಣ ಆಗಲಾರದು.

ಹಾಗಾದರೆ ಹಬ್ಬಿನ ನಿಜವಾದ ಲಾಭ ಏನು?

ಮೊದಲನೆಯದು ಸ್ಟೀರಿಂಗ್. ಸ್ಕೌಟ್, ಬ್ರಾಂಕೋ ತರಹದ ಗಾಡಿಗಳಲ್ಲಿ ಮುಂದಿನ ಗಾಲಿ ತಿರುಗುವ ಕಡೆ ಸಾದಾ ಯೂನಿವರ್ಸಲ್ ಜಾಯಿಂಟ್ ಇರುತ್ತೆ. ಅದು ನೆಟ್ಟಗಿದ್ದಾಗ ಸಾಧು. ಬಾಗಿದಾಗ ಒಂದು ಕಡೆ ಸಮನಾಗಿ ಸುತ್ತಿದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲೂ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ಸುತ್ತುತ್ತೆ. 30 ಡಿಗ್ರಿ ಬಾಗಿದರೆ ವೇಗ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ ಏರಿಳಿಯುತ್ತೆ. ತಿರುವಿನಲ್ಲಿ ಸ್ಟೀರಿಂಗ್ ಕೈಯಲ್ಲಿ ಮಿಡುಕಿದ ಹಾಗೆ ಆಗೋದು ಇದಕ್ಕೇ. ಹಬ್ ಫ್ರೀ ಮಾಡಿದರೆ ಆ ಮಿಡುಕು ಮಾಯ.

ಈ ಏರಿಳಿತಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬರು ಡೆಟ್ರಾಯಿಟ್ ಕಡೆಯವರೇ. 1920ರ ದಶಕದಲ್ಲಿ ಫೋರ್ಡ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಆಲ್ಫ್ರೆಡ್ ಝೆಪ್ಪಾ, ಉಕ್ಕಿನ ಗುಂಡುಗಳ ಮೂಲಕ ಬಲ ದಾಟಿಸುವ ಜಾಯಿಂಟ್ ಮಾಡಿದರು. ಎಷ್ಟು ಬಾಗಿದರೂ ಎರಡೂ ಕಡೆ ಒಂದೇ ವೇಗ. ಯುದ್ಧದ ಜೀಪುಗಳಲ್ಲಿ ಬಳಸಿದ ಕೆಲವು ಬಗೆಯ ಜಾಯಿಂಟ್‌ಗಳಲ್ಲಿ ಇದೂ ಒಂದು. ನಿಮ್ಮ ಮನೆಯ ಫ್ರಂಟ್‌ವೀಲ್ ಕಾರಿನಲ್ಲಿ ಇವತ್ತಿಗೂ ಇದರ ಸಂತತಿಯೇ ಕೂತಿದೆ.

ಎರಡನೆಯದು, ಮುರಿದಾಗಿನ ಉಪಾಯ. ಮುಂದಿನ ಶಾಫ್ಟೋ ಜಾಯಿಂಟೋ ದಾರಿಯಲ್ಲಿ ಮುರಿದರೆ, ಹಬ್ ಫ್ರೀ ಮಾಡಿ ಹಿಂದಿನ ಗಾಲಿಗಳಲ್ಲಿ ಮನೆಗೆ ಬರಬಹುದು. ಫ್ಲೇಂಜ್ ಆದರೆ ಹಿಮದಲ್ಲಿ ಕೂತು ಬೋಲ್ಟು ಬಿಚ್ಚಬೇಕು. ಇನ್ನೊಂದು ಮುಖವೂ ಇದೆ: ಬಲ ಹೆಚ್ಚಾದಾಗ ಶಾಫ್ಟಿಗಿಂತ ಮೊದಲು ಹಬ್ ಒಡೆಯಬಹುದು. ಮನೆಯ ಫ್ಯೂಸಿನ ಹಾಗೆ ಇದು ವರವೂ ಹೌದು, ಕಾಟವೂ ಹೌದು. ಫ್ಲೇಂಜ್ ಹಾಕಿದರೆ ಬಲಹೀನ ಜಾಗ ಮಾಯವಾಗೋದಿಲ್ಲ, ಒಳಗಿನ ಜಾಯಿಂಟಿಗೆ ಹೋಗಿ ಕೂರುತ್ತೆ ಅಷ್ಟೇ.

ಉಪ್ಪಿನ ಮೇಲೆ ಕಟ್ಟಿದ ಊರು

ಈಗ ಷಿಕಾಗೋ, ಡೆಟ್ರಾಯಿಟ್‌ನವರಿಗೆ ಮಾತ್ರ ಅನ್ವಯಿಸುವ ತೊಡಕಿಗೆ ಬರೋಣ. ಡೆಟ್ರಾಯಿಟ್ ನಗರದ ಕೆಳಗೆ 1,000 ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಬತ್ತಿದ ಸಮುದ್ರದ ಉಪ್ಪು. ಆ ಉಪ್ಪು ಚಳಿಗಾಲದಲ್ಲಿ ರಸ್ತೆಗೆ ಬೀಳುತ್ತೆ. ಉಪ್ಪುನೀರು ಮೈನಸ್ 21 ಡಿಗ್ರಿವರೆಗೂ ಹೆಪ್ಪುಗಟ್ಟದೆ ಇರಬಲ್ಲದು. ಅಂದರೆ ಊರೆಲ್ಲ ಹೆಪ್ಪುಗಟ್ಟಿರುವಾಗಲೂ ನಿಮ್ಮ ಗಾಡಿಯ ಸಂದುಗೊಂದುಗಳಲ್ಲಿ ತುಕ್ಕಿನ ರಸಾಯನಶಾಸ್ತ್ರ ನಡೆಯುತ್ತಲೇ ಇರುತ್ತೆ.

ಓಡುವಾಗ ಹಬ್ ಬಿಸಿಯಾಗುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ. ನಿಲ್ಲಿಸಿದ ಮೇಲೆ ತಣ್ಣಗಾಗಿ ಗಾಳಿ ಕುಗ್ಗುತ್ತೆ. ತಿರುಪಿನ ಸುತ್ತಿನ ರಬ್ಬರ್ ಉಂಗುರ ಹಳೆಯದಾಗಿದ್ದರೆ, ಆ ಕುಗ್ಗುವಿಕೆ ಉಪ್ಪುನೀರನ್ನು ಒಳಗೆ ಹೀರುತ್ತೆ. ಹಬ್ಬಿನ ಮೈ ಅಲ್ಯುಮಿನಿಯಂ ಬೆರೆತ ಲೋಹ, ಬೋಲ್ಟು ಉಕ್ಕು ಆಗಿದ್ದರೆ, ನಡುವೆ ಉಪ್ಪುನೀರು ಸೇರಿ ಅದೊಂದು ಪುಟ್ಟ ಬ್ಯಾಟರಿಯೇ ಆಗಿಬಿಡುತ್ತೆ. ಲೋಹ ತಿಂದುಕೊಂಡು ಹೋಗುತ್ತೆ.

ಚಳಿಯ ಕಾಟ ಬೇರೆ. ಷಿಕಾಗೋದಲ್ಲಿ 1985ರ ಜನವರಿ 20ರಂದು ಮೈನಸ್ 33 ಡಿಗ್ರಿ ಆಗಿತ್ತು. ಅನೇಕ ಹಬ್‌ಗಳಲ್ಲಿ ತಿರುಪು ತಿರುಗಿಸಿದಾಗ ಉಂಗುರವನ್ನು ನೇರವಾಗಿ ತಳ್ಳೋದಿಲ್ಲ. ಸ್ಪ್ರಿಂಗನ್ನು ಒತ್ತುತ್ತೆ, ಸ್ಪ್ರಿಂಗು ಉಂಗುರವನ್ನು ತಳ್ಳುತ್ತೆ. ಒಳಗೆ ದಪ್ಪ ಗ್ರೀಸ್ ಗಿಡಿದಿದ್ದರೆ ಅದು ಚಳಿಗೆ ಮೇಣವಾಗಿ, ಸ್ಪ್ರಿಂಗಿನ ಬಲ ಸಾಲದೆ, ಉಂಗುರ ಅಲ್ಲೇ ನಿಲ್ಲುತ್ತೆ. ಹೊರಗಿನ ಗುರುತು ಮಾತ್ರ ಲಾಕ್ ಅಂತಲೇ ತೋರಿಸುತ್ತೆ! ಅದಕ್ಕೇ ಹಬ್ಬಿನೊಳಗೆ ತೆಳುವಾಗಿ ಗ್ರೀಸ್ ಸವರಬೇಕು, ತುಂಬಬಾರದು.

ನಾಲ್ಕರಲ್ಲಿ ಒಂದು ಹೋದರೆ ಎಷ್ಟು ಉಳಿಯುತ್ತೆ?

ಈ ಸಂಚಿಕೆಯಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನ. ಎರಡು ಹಬ್‌ಗಳಲ್ಲಿ ಒಂದು ಕಚ್ಚದಿದ್ದರೆ ಏನಾಗುತ್ತೆ? ನಾಲ್ಕರಲ್ಲಿ ಮೂರು ಗಾಲಿ ಎಳೆಯುತ್ತೆ ಅನ್ನಿಸಬಹುದು. ಇಲ್ಲ. ಮುಂದಿನ ಎರಡೂ ಹೋಗುತ್ತೆ.

ಕಾರಣ ಡಿಫರೆನ್ಷಿಯಲ್. ಸಾದಾ ಡಿಫರೆನ್ಷಿಯಲ್ ಎಡಕ್ಕೂ ಬಲಕ್ಕೂ ಯಾವಾಗಲೂ ಸಮನಾದ ಬಲ ಕೊಡುತ್ತೆ. ಒಂದು ಕಡೆ ಎಷ್ಟು ತಡೆ ಸಿಗುತ್ತೋ ಅಷ್ಟೇ ಇನ್ನೊಂದು ಕಡೆಗೂ. ಬಿಟ್ಟುಹೋದ ಹಬ್ಬಿನ ಕಡೆ ಶಾಫ್ಟು ಖಾಲಿ ಸುತ್ತುತ್ತೆ, ತಡೆ ಹೆಚ್ಚುಕಡಿಮೆ ಸೊನ್ನೆ. ಆಗ ಸರಿಯಾಗಿ ಲಾಕ್ ಆದ ಗಾಲಿಗೂ ಸೊನ್ನೆ. ನೀವು ಫೋರ್‌ವೀಲ್ ಹಾಕಿದ್ದೀನಿ ಅಂದುಕೊಂಡು ಗುಡ್ಡೆ ಹಿಮಕ್ಕೆ ನುಗ್ಗಿರುತ್ತೀರಿ, ಗಾಡಿ ಟೂವೀಲ್ ಆಗೇ ಇರುತ್ತೆ. ಸಿಕ್ಕಿಬಿದ್ದ ಮೇಲೇ ಗೊತ್ತಾಗೋದು.

ಇದನ್ನ ಮೊದಲೇ ಪತ್ತೆ ಹಚ್ಚೋಕೆ ಒಂದು ಜಾಕ್ ಸಾಕು. ಮಟ್ಟಸವಾದ ನೆಲದಲ್ಲಿ ಗಾಡಿ ನಿಲ್ಲಿಸಿ. ಎರಡೂ ಹಬ್ ಲಾಕ್ ಮಾಡಿ, ಫೋರ್‌ವೀಲ್ ಹಾಕಿ, ಹಲ್ಲುಗಳು ಕೂರಲಿ ಅಂತ ನಾಲ್ಕಡಿ ಮುಂದಕ್ಕೆ ಓಡಿಸಿ. ಎಂಜಿನ್ ಆರಿಸಿ, ಗೇರಿನಲ್ಲಿಡಿ, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟೆ ಕೊಡಿ. ಈಗ ಮುಂದಿನ ಒಂದು ಗಾಲಿಯನ್ನು ಮಾತ್ರ ಎತ್ತಿ ಕೈಯಲ್ಲಿ ತಿರುಗಿಸಿ. ತುಸು ಅಲುಗಾಡಿ ನಿಂತರೆ ಎರಡೂ ಹಬ್ ಸರಿ ಇವೆ. ಸರಾಗವಾಗಿ ಸುತ್ತಿದರೆ ಎರಡರಲ್ಲಿ ಒಂದು ಕಚ್ಚಿಲ್ಲ. ಒಂದೇ ಗಾಲಿ ಎತ್ತಿ ಎರಡೂ ಕಡೆಯ ಪರೀಕ್ಷೆ! ಗಾಡಿಯ ಕೆಳಗೆ ಮಾತ್ರ ಯಾರೂ ನುಸುಳಬೇಡಿ.

ನವೆಂಬರಿನಲ್ಲಿ, ಮೊದಲ ಹಿಮಕ್ಕೆ ಮುಂಚೆ, ಇದನ್ನು ಮಾಡಿಬಿಟ್ಟರೆ ನಿಶ್ಚಿಂತೆ.

ಹಾಗಾದರೆ ಯಾವುದು?

ಮೊದಲು ಒಂದು ಎಚ್ಚರಿಕೆ. 1973ರಿಂದ ಈಚೆಗೆ ಬಂದ ಕೆಲವು ಗಾಡಿಗಳು ಸದಾ ಫೋರ್‌ವೀಲ್. ಜೀಪ್ ವ್ಯಾಗನೀರಿನ ಕ್ವಾಡ್ರಾ-ಟ್ರ್ಯಾಕ್ ಅಂಥದು. ಅದನ್ನು ಮಾಡಿದ್ದು ಆಗ ಷಿಕಾಗೋದಲ್ಲಿ ಕಚೇರಿ ಇದ್ದ ಬೋರ್ಗ್-ವಾರ್ನರ್. ಇವುಗಳಲ್ಲಿ ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ನಡುವೆಯೂ ಒಂದು ಡಿಫರೆನ್ಷಿಯಲ್ ಇರುತ್ತೆ. ಹಬ್ ಹಾಕಿ ಫ್ರೀ ಮಾಡಿದರೆ ಈಗಷ್ಟೇ ಹೇಳಿದ ಪೇಚೇ ಇಡೀ ಗಾಡಿಗೆ ಬರುತ್ತೆ: ಬಲ ಖಾಲಿ ಸುತ್ತುವ ಕಡೆಗೆ ಹರಿದುಹೋಗುತ್ತೆ. ಟ್ರಾನ್ಸ್‌ಫರ್ ಕೇಸ್ ಬದಲಾಯಿಸದೆ ಇಂಥ ಗಾಡಿಗೆ ಹಬ್ ಬೇಡ, ಫ್ಲೇಂಜೇ ಸರಿ.

ಉಳಿದವರಿಗೆ ನಮ್ಮ ಅಭಿಪ್ರಾಯ ಹೀಗಿದೆ. ಚಳಿಗಾಲದಲ್ಲೂ ರಸ್ತೆಗಿಳಿಯುವ, ಕಷ್ಟಕಾಲಕ್ಕೆ ಆಗಬೇಕಾದ ಗಾಡಿಯಾದರೆ ಫ್ಲೇಂಜ್. ಜಾರುವ ಭಾಗ ಇಲ್ಲ, ಸುಳ್ಳು ಹೇಳುವ ತಿರುಪಿಲ್ಲ. ವರ್ಷಕ್ಕೆ ಹತ್ತು ಹದಿನೈದು ಲೀಟರ್ ಪೆಟ್ರೋಲು ಆ ನಂಬಿಕೆಗೆ ಕೊಡುವ ಬೆಲೆ. ಬೇಸಿಗೆಯಲ್ಲಿ ಮಾತ್ರ ಹೊರಬರುವ, ಟಾರು ರಸ್ತೆಯಲ್ಲೇ ಹೆಚ್ಚು ಓಡುವ ಗಾಡಿಯಾದರೆ ಹಬ್. ಸ್ಟೀರಿಂಗ್ ಹಗುರ, ಸದ್ದು ಕಡಿಮೆ, ಸವೆತ ಕಡಿಮೆ.

ನಮ್ಮ ಮಲೆನಾಡಿನ ಲೆಕ್ಕ ಬೇರೆ. ಮಹೀಂದ್ರ 1947ರಿಂದ ಜೋಡಿಸುತ್ತಾ ಬಂದ ವಿಲ್ಲೀಸ್ ವಂಶದ ಜೀಪುಗಳು ಸಕಲೇಶಪುರ, ಮೂಡಿಗೆರೆ, ಮಡಿಕೇರಿಯ ಕಾಫಿ ತೋಟಗಳಲ್ಲಿ ದುಡಿದವು. ಅಲ್ಲಿ ಉಪ್ಪಿಲ್ಲ, ಕೆಸರಿದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಫೋರ್‌ವೀಲ್ ಬೇಕಾಗುವ ತೋಟದಲ್ಲಿ, ಪ್ರತಿ ಸಲ ಇಳಿದು ಕೆಸರಲ್ಲಿ ಕೈ ಹಾಕಿ ತಿರುಪು ತಿರುಗಿಸೋರು ಯಾರು? ಅಲ್ಲೂ ಫ್ಲೇಂಜೇ ಗೆಲ್ಲುತ್ತೆ, ಕಾರಣ ಮಾತ್ರ ಬೇರೆ.

ಈಗಾಗಲೇ ಹಬ್ ಇದ್ದವರು ಗಾಬರಿಯಾಗಬೇಕಿಲ್ಲ, ನಡುದಾರಿ ಇದೆ. ನವೆಂಬರಿನಲ್ಲಿ ಹಬ್‌ಗಳನ್ನು ಲಾಕ್ ಮಾಡಿ, ಪರೀಕ್ಷಿಸಿ, ಮಾರ್ಚ್‌ವರೆಗೂ ಹಾಗೇ ಬಿಡಿ. ಹಬ್ ಲಾಕ್ ಆಗಿರೋದರಿಂದ ಒಣ ರಸ್ತೆಯಲ್ಲಿ ಕೇಡಿಲ್ಲ. ಒಣ ರಸ್ತೆಯಲ್ಲಿ ಹಾಕಬಾರದ್ದು ಒಳಗಿನ ಫೋರ್‌ವೀಲ್ ಲಿವರ್. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಸುತ್ತಬೇಕಾಗಿ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಬೇಸಿಗೆಯಲ್ಲಿ ಹಬ್ ಫ್ರೀ ಇಟ್ಟರೂ ತಿಂಗಳಿಗೊಮ್ಮೆ ಲಾಕ್ ಮಾಡಿ ಕೆಲವು ಕಿಲೋಮೀಟರ್ ಓಡಿಸಿ. ನಿಂತೇ ಇರುವ ಜಾಯಿಂಟಿಗೆ ಎಣ್ಣೆ, ಗ್ರೀಸ್ ತಲುಪೋದಿಲ್ಲ. ಟೂಲ್ ಬಾಕ್ಸಿನಲ್ಲಿ ಒಂದು ಜೊತೆ ಹಳೇ ಫ್ಲೇಂಜ್ ಇರಲಿ. ದಾರಿಯಲ್ಲಿ ಹಬ್ ಕೈಕೊಟ್ಟರೆ ಅದೇ ಗತಿ.

ಒಂದು ಕಡೆ ಫ್ಲೇಂಜ್, ಇನ್ನೊಂದು ಕಡೆ ಹಬ್ ಹಾಕುವ ಜಾಣರೂ ಇದ್ದಾರೆ. ಹಬ್ ಫ್ರೀ ಇದ್ದಾಗ ಪ್ರೊಪೆಲ್ಲರ್ ಶಾಫ್ಟು ಬಹುಮಟ್ಟಿಗೆ ನಿಲ್ಲುತ್ತೆ, ನಿಜ. ಆದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ದಾರಿಯುದ್ದಕ್ಕೂ ಸುತ್ತುತ್ತಾ ಸವೆಯುತ್ತವೆ. ಅವನ್ನು ಮಾಡಿರೋದು ತಿರುವುಗಳಿಗೆ, ನೂರಾರು ಮೈಲಿಗೆ ಅಲ್ಲ.

ಇಷ್ಟು ಇವತ್ತಿನ ಸಂಚಿಕೆ. ನಿಮ್ಮ ಹತ್ತಿರ ಹಬ್ ಇರುವ ಹಳೇ ಗಾಡಿ ಇದ್ದರೆ 60ರಿಂದ 40ರ ಪರೀಕ್ಷೆ ಮಾಡಿ, ಫ್ರೀ ಇದ್ದಾಗ ಎಷ್ಟು ಸೆಕೆಂಡು, ಲಾಕ್ ಆದಾಗ ಎಷ್ಟು ಸೆಕೆಂಡು ಅಂತ ನಮಗೆ ಬರೆಯಿರಿ. ಗಾಡಿಯ ಹೆಸರು, ವರ್ಷ, ಆ ದಿನದ ಚಳಿ ಎಷ್ಟಿತ್ತು ಅನ್ನೋದೂ ಇರಲಿ.